ಸೀನಿದ್ದಕ್ಕೆ ಮುಷ್ಕರ

ಜೈತುನಬಿ ಮತ್ತೆ ಸೀನಿದಳು. ಗುಮಾಸ್ತ ಬೆರಳೆತ್ತಿ ಗೇಟು ತೋರಿಸಿದ. ಅವಳು ಹತ್ತಿಯ ಬುಟ್ಟಿ ಕೆಳಗಿಟ್ಟು, ಬಸಿರು ತುಂಬಿದ ಹೊಟ್ಟೆಯ ಮೇಲೆ ಸೆರಗೆಳೆದುಕೊಂಡು ಹೋಗಿ ಬಿಸಿಲಲ್ಲಿ ನಿಂತಳು.

ಇಂಡಿ ಪಟ್ಟಣದ ಆ ಹತ್ತಿ ಗಿರಣಿಯಲ್ಲಿ ಇದು ಹೊಸ ಕಾನೂನು. ಸೊಲ್ಲಾಪುರದ ವ್ಯಾಪಾರಿಯೊಬ್ಬ ಅರಳೆ ಪರೀಕ್ಷಿಸುತ್ತಿದ್ದಾಗ ಯಾರೋ ಅವನ ಕೋಟಿನ ಮೇಲೆ ಸೀನಿದ್ದರು. ಅವನು ಸರಕು ಬಿಟ್ಟು ರೈಲು ಹತ್ತಿದ. ಅಂದೇ ಗಿರಣಿಯ ಸಾವಕಾರ ಶ್ರೀಶೈಲಪ್ಪ ಅಪ್ಪಣೆ ಹೊರಡಿಸಿದ: ಕೆಲಸದ ವೇಳೆ ಯಾರೂ ಸೀನಕೂಡದು. ಸೀನಿದವರು ಗಿರಣಿಯ ಸೈರನ್ ಆದ ಭೋಂಗಾ ಮುಂದಿನ ಸಲ ಕೂಗುವತನಕ ಗೇಟಿನೆದುರು ನಿಲ್ಲಬೇಕು. ಹತ್ತಿಯ ಧೂಳು ಮೋಡದಂತೆ ಕವಿದ ಜಾಗ. ಒಳಗೆ ಕೆಲಸ ಮಾಡುವವರಿಗಿಂತ ಹೊರಗೆ ನಿಂತವರೇ ಹೆಚ್ಚಾದರು. ಊರು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೀನಿನ ಬಗ್ಗೆ ಯಾವ ಸರಕಾರಕ್ಕೆ ಅರ್ಜಿ ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಜೈತುನಬಿಯ ಗಂಡ ಹಾಜಿಮಲಂಗ ಎಂಜಿನ್ ಕೋಣೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ. ಭೋಂಗಾದ ಸರಪಳಿ ಎಳೆಯುವುದು ಅವನ ಕೆಲಸ. ಬೆಳಿಗ್ಗೆ ಕೆಲಸಕ್ಕೆ ಕರೆಯುವುದಕ್ಕೆ, ಮಧ್ಯಾಹ್ನ ಊಟಕ್ಕೆ ಬಿಡುವುದಕ್ಕೆ, ಸಂಜೆ ಮನೆಗೆ ಕಳಿಸುವುದಕ್ಕೆ. ಎಂಜಿನ್ ಕೋಣೆಯದು ಬಿಟ್ಟರೆ ಗಿರಣಿಯೊಳಗೆ ಬೇರೆ ಗಡಿಯಾರವಿರಲಿಲ್ಲ. ಗಂಡ ಹೆಂಡತಿ ಇರುವ ಕೋಣೆಯೂ ಗಿರಣಿಯದೇ. ಅವನು ಸಾವಕಾರನಿಗೆ ಹೆದರುತ್ತಿದ್ದ, ಪೊಲೀಸರಿಗೆ ಹೆದರುತ್ತಿದ್ದ, ತಾನೇ ಎಳೆಯುವ ಭೋಂಗಾಕ್ಕೂ ಹೆದರಿ ಕಿವಿಗೆ ಅರಳೆ ತುರುಕಿಕೊಳ್ಳುತ್ತಿದ್ದ.

ಹಾಗಾಗಿ ಅಂದು ಸಂಜೆ ಕೆಲಸಗಾರರು ಮುಷ್ಕರದ ಸಭೆ ಸೇರಿದಾಗ ಅವನು ಹೋಗಲಿಲ್ಲ. ಹೊಟ್ಟೆನೋವೆಂದು ಹೇಳಿ ಮಲಗಿದ. ಸಭೆ ಕರೆದಿದ್ದ ರಾಚಪ್ಪ ಆಮೇಲೆ ಬಾವಿಕಟ್ಟೆಯ ಹತ್ತಿರ ಅವನನ್ನು ಹಿಡಿದ.

"ನಾಳಿ ಮಧ್ಯಾಹ್ನ ಹರತಾಳ. ಸೊಲ್ಲಾಪುರದಾಂವ ಮತ್ತ ಬರ್ತಾನ, ಅವನ ಮುಂದನ ಆಗ್ಬೇಕು. ನೀ ಬರ್ಲಿಲ್ಲ, ಇರ್ಲಿ. ಆದ್ರ ಎಲ್ಲಾ ನಿನ್ನ ಕೈಯಾಗ ಐತಿ, ಮಲಂಗ. ಹನ್ನೆರಡಕ್ಕ..."

ಗುಮಾಸ್ತ ಕೊಡ ಹಿಡಿದು ಬಂದ. ರಾಚಪ್ಪ ಮುಖ ತಿರುಗಿಸಿ, "ಬಾವಿ ನೀರು ಭಾಳ ಉಪ್ಪಾಗ್ಯಾವ ನೋಡ್ರಿ" ಎಂದು ನಡೆದುಬಿಟ್ಟ.

ಮನೆಯಲ್ಲಿ ಜೈತುನಬಿ ರೊಟ್ಟಿ ಬಡಿಯುತ್ತಿದ್ದಳು. ಬಿಸಿಲಿಗೆ ಅವಳ ಮುಖ ಕಪ್ಪಿಟ್ಟಿತ್ತು, ಪಾದಗಳು ಊದಿದ್ದವು.

"ರಾಚಪ್ಪಣ್ಣ ಸಿಕ್ಕಿದ್ರೇನ್ರಿ?"

"ಸಿಕ್ಕಿದ್ದ."

"ಹಂಗಾರ ನಾ ಏನೂ ಕೇಳೂದಿಲ್ಲ. ನಾಳಿ ಹನ್ನೆರಡಕ್ಕ ನಿಮ್ಮ ಕೈ ಏನ್ ಮಾಡ್ತೈತಿ ನೋಡ್ತೇನಿ."

ಅವನು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟ. ಕೆಲಸ ಹೋದರೆ ಕೋಣೆ ಹೋಗುತ್ತದೆ. ಹುಟ್ಟುವ ಕೂಸನ್ನು ಎಲ್ಲಿ ಮಲಗಿಸುವುದು? ಆದರೆ ಆ ಊದಿದ ಪಾದಗಳನ್ನು ದಿನವೂ ನೋಡುವುದು ಹೇಗೆ?

ಮರುದಿನ ಹನ್ನೆರಡಾಗುತ್ತಿದ್ದಂತೆ ಅವನ ಕೈ ಅಭ್ಯಾಸದಿಂದ ಸರಪಳಿಯ ಮೇಲೆ ಹೋಯಿತು. ಮುಷ್ಕರವೆಂದರೆ ಕೆಲಸ ನಿಲ್ಲಿಸುವುದು. ಅವನ ಕೆಲಸ ಇದೊಂದೇ. ಅವನು "ಯಾ ಅಲ್ಲಾ" ಎಂದು ಸರಪಳಿ ಬಿಟ್ಟ. ಕಿವಿಯೊಳಗಿನ ಅರಳೆ ಕಿತ್ತೆಸೆದ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಎದೆಯುಬ್ಬಿಸಿ ನಡೆದು, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕುಳಿತ. ಧೈರ್ಯ ಸಾಲದೆನಿಸಿ ಒಮ್ಮೆ ಜೋರಾಗಿ ಸೀನಿದ ಕೂಡ.

ಯಾರೂ ಬರಲಿಲ್ಲ.

ಯಂತ್ರಗಳು ಗಡಗಡ ಎನ್ನುತ್ತಲೇ ಇದ್ದವು. ನೆರಳು ಮರದ ಆಚೆ ಸರಿಯಿತು. ಅವನು ಕತ್ತು ಚಾಚಿ ನೋಡಿದ. ಒಬ್ಬರೂ ಕೂತಲ್ಲಿಂದ ಎದ್ದಿರಲಿಲ್ಲ. ರಾಚಪ್ಪನೂ ಇಲ್ಲ, ಜೈತುನಬಿಯೂ ಇಲ್ಲ. "ಹೇಡಿಗೋಳು" ಎಂದು ಗೊಣಗಿದ. ಮರುಕ್ಷಣ ಹೊಳೆಯಿತು: ಇಡೀ ಮುಷ್ಕರದಲ್ಲಿ ತಾನೊಬ್ಬನೇ!

ಹೊತ್ತಿಳಿಯುವಾಗ ಸಾವಕಾರ ಶ್ರೀಶೈಲಪ್ಪ, ಮಾಲೆ ಹಾಕಿಕೊಂಡ ವ್ಯಾಪಾರಿಯೊಡನೆ ಗೇಟಿಗೆ ಬಂದ. ಹಾಜಿಮಲಂಗ ಎದ್ದು ನಿಂತ. ಸಾವಕಾರನೆದುರು ಹೋಗಿ ಹೇಳಿಯೇಬಿಟ್ಟ.

"ಸಾವಕಾರ್ರ, ನಾ ಹರತಾಳದಾಗ ಅದೀನ್ರಿ!"

ಸಾವಕಾರ ಹೊಟ್ಟೆ ಹಿಡಿದು ನಕ್ಕ.

"ನೋಡ್ರಿ ಸೇಟಜಿ, ಇಂವ ನಮ್ಮ ಭೋಂಗಾದಾಂವ. ಭಾಳ ಚೇಷ್ಟಿ ಮನಷ್ಯಾ. ನೀವು ಬಂದೀರಿ, ಕೆಲಸ ನಿಲ್ಲಬಾರದಂತ ಊಟದ ಭೋಂಗಾ ಸುದ್ದಾ ಹೊಡೀಲಿಲ್ಲ!"

"ಅಜಬ್ ಮಂದಿ," ವ್ಯಾಪಾರಿ ತಲೆದೂಗಿದ. "ಊಟಕ್ಕ ಏಳವಲ್ರು, ಸೀನವಲ್ರು. ಉಸಿರು ಬಿಗಿ ಹಿಡಿದು, ಕಿವಿ ನೆಟ್ಟಗ ಮಾಡ್ಕೊಂಡು ಕುಂತಾರ."

"ಕಾನೂನಿನ ಕರಾಮತ್ತು," ಎಂದ ಸಾವಕಾರ. "ಇನ್ನು ಇದನ್ನ ಕಾಯಂ ಮಾಡ್ತೇನಿ."

ವ್ಯಾಪಾರಿ ತನ್ನ ಮಾಲೆ ತೆಗೆದು ಹಾಜಿಮಲಂಗನ ಕೊರಳಿಗೆ ಹಾಕಿದ.

ಒಳಗೆ ಅರಳೆಗೂ ಕೈಗೂ ವ್ಯತ್ಯಾಸ ಕಾಣದಷ್ಟು ಮಬ್ಬಾದ ಮೇಲೆ ಯಂತ್ರಗಳು ನಿಂತವು. ಹಸಿದ ಜನ ಗೋಡೆ ಹಿಡಿದು ಹೊರಬಂದರು. ರಾಚಪ್ಪ ಮಾಲೆ ನೋಡಿ ನೆಲಕ್ಕೆ ಉಗುಳಿದ. ಎಲ್ಲರ ಹಿಂದೆ ಜೈತುನಬಿ ಬಂದಳು. ಹಾಜಿಮಲಂಗ ಓಡಿಹೋಗಿ ಅವಳ ಕೈ ಹಿಡಿದ. "ಜೈತು, ನಾ ಹೆದರಲಿಲ್ಲ. ನೀ ಯಾಕ ಎದ್ದು ಬರ್ಲಿಲ್ಲ?"

ಅವಳು ದನಿಯಲ್ಲಿ ಶಕ್ತಿಯಿಲ್ಲದೆ ಕೇಳಿದಳು: "ಭೋಂಗಾ ಕೂಗಿದ ಕೂಡ್ಲೇ ಎಲ್ಲಾರೂ ಎದ್ದು ಹರತಾಳಕ್ಕ ಹೊರಬೀಳೂದು, ಅಲ್ಲೀತನಕ ಒಬ್ಬರೂ ಅಲಗಾಡಬಾರ್ದು ಅಂತ ಆಣಿ ಆಗಿತ್ತಲ್ರಿ... ನೀವ್ಯಾಕ ಹೊಡೀಲಿಲ್ಲ?"