ಚಾರ್ಟಿನ ಹಿಂಬದಿ

ಮಗಳು ಗ್ಲೂ ಸ್ಟಿಕ್ಕಿನ ಮುಚ್ಚಳ ತೆಗೆದಾಗೆಲ್ಲ ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನಿನ ಆ ಭಾನುವಾರದ ಮಧ್ಯಾಹ್ನ ನನ್ನ ಮೂಗಿಗೆ ಬಡಿಯುತ್ತದೆ.

ನನಗಾಗ ಹತ್ತು ವರ್ಷ. ಮರುದಿನ ತರಗತಿಯ ಮುಂದೆ ನಿಂತು ನನಗಿಷ್ಟವಾದ ವಿಷಯದ ಬಗ್ಗೆ ಮಾತಾಡಬೇಕಿತ್ತು. ನಾನು ಆರಿಸಿಕೊಂಡದ್ದು ಒಬ್ಬ ಬ್ರಿಟಿಷ್ ಪಾಪ್ ಗಾಯಕಿಯನ್ನು. ಅವಳು ಹದಿನಾರಕ್ಕೆ ಶಾಲೆ ಬಿಟ್ಟು ಪಬ್ಬುಗಳಲ್ಲಿ ಹಾಡಿದ್ದು, ಆಮೇಲೆ ಸ್ಟೇಡಿಯಂ ತುಂಬಿಸಿದ್ದು, ಎಲ್ಲವನ್ನೂ ಚಾರ್ಟಿನಲ್ಲಿ ಬರೆದಿದ್ದೆ. ಅಮ್ಮ ಅವಳ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತಿದ್ದಳು.

"ಅವಳಪ್ಪ ಹಾಡಬೇಡ ಅನ್ಲಿಲ್ವಾ?"

"ಇಲ್ಲಮ್ಮ, ಅವರೇ ಗಿಟಾರ್ ಹೊತ್ಕೊಂಡು ಜೊತೆಗೆ ಹೋಗ್ತಿದ್ರಂತೆ."

ಅಮ್ಮ ಇನ್ನೊಂದು ಚಿತ್ರಕ್ಕೆ ಅಂಟು ಹಚ್ಚುತ್ತ ಮೆಲ್ಲಗೆ ಗುನುಗತೊಡಗಿದಳು. ಮದುವೆಗೆ ಮುಂಚೆ ಮೈಸೂರಿನಲ್ಲಿ ಹಾಡುತ್ತಿದ್ದಳಂತೆ. ಅವಳ ದನಿಯಲ್ಲಿ ಹಾಡು ನಾನು ಕೇಳಿದ್ದು ಅದೇ ಮೊದಲು.

ಅಪ್ಪ ಒಳಗೆ ಬಂದರು. "ಮತ್ತೆ ಶುರುವಾಯ್ತಾ ನಿನ್ನ ಹಾಡು?"

"ಏನೂ ಇಲ್ಲ ರೀ," ಅಂದಳು ಅಮ್ಮ.

ಅಪ್ಪ ಚಾರ್ಟ್ ಓದಿದರು. "ಸ್ಕೂಲ್ ಬಿಟ್ಟೋಳ ಕಥೆ ಹೇಳೋಕಾ ನಿನ್ನನ್ನ ಇಲ್ಲಿ ಓದಿಸ್ತಿರೋದು?" ಎಂದು ಅದನ್ನು ಮಗುಚಿ, ಹಿಂಬದಿಯಲ್ಲಿ ಸೌರಮಂಡಲ ಬರೆಸಿದರು. ಬಳೆಯಿಟ್ಟು ದುಂಡಗೆ ಗ್ರಹಗಳನ್ನು ಬರೆದುಕೊಟ್ಟವಳು ಅಮ್ಮನೇ.

ಮರುದಿನ ಅಂಟಿನ ಉಬ್ಬುಗಳ ಮೇಲೆ ಗ್ರಹಗಳೆಲ್ಲ ಸೊಟ್ಟಗಾಗಿದ್ದವು. "ಹಿಂದೆ ಏನೋ ಅಂಟಿಸಿದ್ದೀಯಲ್ಲ?" ಎಂದರು ಟೀಚರ್.

"ಏನೂ ಇಲ್ಲ," ಅಂದೆ. ಅಮ್ಮನಷ್ಟೇ ಸಲೀಸಾಗಿ.