ಕೈ ಎತ್ತದ ಮೇಷ್ಟ್ರು

ಮೇಷ್ಟ್ರ ಪಾತ್ರದ ನಟ ಖೋ ಖೋ ತಂಡದ ಹುಡುಗಿಯೊಬ್ಬಳ ಕೆನ್ನೆಗೆ ಬಾರಿಸಿದ ಕೂಡಲೇ ಮುದುಕಿ ಪುಟ್ಟಬಸಮ್ಮ ಜನರನ್ನು ತಳ್ಳಿಕೊಂಡು ಅಂಕಣದೊಳಗೆ ನುಗ್ಗಿದಳು. ಯಳಂದೂರಿನ ಆ ಮೈದಾನದಲ್ಲಿ ಹಿಂದೆ ಅವಳಿಗೆ ಖೋ ಖೋ ಕಲಿಸಿದ್ದ ಗುರುಮಲ್ಲಪ್ಪ ಮೇಷ್ಟ್ರ ಕುರಿತ ಸಿನಿಮಾದ ಚಿತ್ರೀಕರಣ ನಡೆದಿತ್ತು.

“ನಮ್ ಮೇಷ್ಟ್ರು ಒಂದಿನಾನೂ ನಮ್ ಮೇಲೆ ಕೈ ಎತ್ನಿಲ್ಲ ಸಾ. ಎಣ್ಣೈಕ್ಳು ಚಡ್ಡಿ ಆಕ್ಕಂಡು ಓಡ್ತವೆ ಅಂತ ಕಲ್ಲು ತೂರ್ದೋರು ಊರೋರು. ಅಡ್ಡ ನಿಂತು ಏಟು ತಿಂದೋರು ಮೇಷ್ಟ್ರು. ಅದ್ನ್ಯಾಕೆ ತೋರ್ಸಕಿಲ್ಲ?”

“ಊರವರನ್ನ ಕೆಟ್ಟವರು ಅಂತ ತೋರಿಸಿದ್ರೆ ಗಲಾಟೆ ಆಗುತ್ತಜ್ಜಿ,” ಎಂದ ನಿರ್ದೇಶಕ. “ಮೇಷ್ಟ್ರು ತೀರಿಕೊಂಡಿದ್ದಾರೆ. ಅವರ ಪರ ಯಾರೂ ಕೇಳಲ್ಲ.”

“ಕೇಳಕ್ಕೆ ನಾನಿವ್ನಿ ಕಣಪ್ಪ,” ಎಂದು ಪುಟ್ಟಬಸಮ್ಮ ಅಂಕಣದ ನಡುವೆ ಕುಳಿತೇಬಿಟ್ಟಳು. ಸಹಾಯಕರು ಎಬ್ಬಿಸಲು ಬಂದರು. ಅಷ್ಟರಲ್ಲಿ ಏಟು ತಿಂದ ಹುಡುಗಿ ಅವಳ ಪಕ್ಕಕ್ಕೆ ಬಂದು, ಖೋ ಖೋ ಆಟದಲ್ಲಿ ಕೂರುವಂತೆ, ಎದುರು ದಿಕ್ಕಿಗೆ ಮುಖ ಮಾಡಿ ಕುಳಿತಳು. ಅವಳ ಬೆನ್ನಿಗೇ ತಂಡದ ಇತರ ಹುಡುಗಿಯರೂ ಸಾಲಾಗಿ ಕುಕ್ಕರಿಸಿದರು.