ಬೀಜದ ಅರಿಶಿನ

ಮಂಗಳವಾರದ ಆಪರೇಷನ್ ತನಗೆ ಬೇಡ ಎಂದು ಜಯಲತಾ ಚಿಕ್ಕಮ್ಮ ಡೊಂಬಿವಲಿಯ ಮನೆಯಿಂದ ಫೋನ್ ಮಾಡಿದಾಗ ಅಶ್ಮಿತಾ ಬೇಲಾಪುರದ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳು ಎಷ್ಟು ಬೇಗ ನುಗ್ಗುತ್ತವೆ ಎಂದು ಅಳೆಯಲು ತಟ್ಟೆಯಲ್ಲಿ ಅವುಗಳ ನಡುವೆ ಗೆರೆ ಎಳೆಯುತ್ತಿದ್ದಳು. ಚಿಕ್ಕಮ್ಮನ ಎದೆಯ ಗಡ್ಡೆ ಸಣ್ಣದು, ಈಗಲೇ ತೆಗೆದರೆ ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿ ಎರಡು ವಾರವಾಗಿತ್ತು. ಯಾಕೆ ಬೇಡ ಎಂದು ಕೇಳಿದರೆ ಅವರು ನಿಶ್ಚಿಂತೆಯಿಂದ, “ಅರಿಶಿನ ಶುರು ಮಾಡಿದ್ದೇನಲ್ಲ. ನಿನ್ನದೇ ಮದ್ದು” ಎಂದರು.

ತಪ್ಪು ಅಶ್ಮಿತಾಳದೇ. ಮೇ ತಿಂಗಳಲ್ಲಿ ಊರಿನವರ ಸಂಘದ ವಾರ್ಷಿಕೋತ್ಸವದಲ್ಲಿ ಅವಳ ಸಂಶೋಧನೆಗೆಂದು ಸನ್ಮಾನವಾಗಿತ್ತು. ಮಕ್ಕಳ ಡ್ಯಾನ್ಸಿಗೂ ಯಕ್ಷಗಾನಕ್ಕೂ ನಡುವೆ ಮಾತಿಗೆ ಸಿಕ್ಕಿದ್ದು ಎರಡೇ ನಿಮಿಷ. ಅರಿಶಿನದ ಸತ್ವ ಹಾಕಿದರೆ ಕ್ಯಾನ್ಸರ್ ಕೋಶ ನಿಂತಲ್ಲೇ ನಿಲ್ಲುತ್ತದೆ, ಪಕ್ಕಕ್ಕೆ ನುಗ್ಗುವುದಿಲ್ಲ ಎಂದಳು. ಇದು ಪ್ರಯೋಗದ ತಟ್ಟೆಯೊಳಗಿನ ಸಂಗತಿ ಅಷ್ಟೇ ಎಂದು ಹೇಳುವ ಮೊದಲೇ ಚಪ್ಪಾಳೆ ಬಿತ್ತು, ಹೆಗಲಿಗೆ ಶಾಲು ಬಿತ್ತು, ಅಧ್ಯಕ್ಷರು ಮೈಕ್ ಇಸಕೊಂಡರು. ಶಾಲು ಹಿಡಿದು ನಿಂತವರಿಗೆ ಪೂರ್ತಿ ಮಾತು ಕೇಳುವ ಪುರುಸೊತ್ತು ಎಲ್ಲಿರುತ್ತದೆ? ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಚಿಕ್ಕಮ್ಮ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ತೀರಿಕೊಂಡ ಅಕ್ಕನ ಮಗಳನ್ನು ಎಂಟನೇ ವಯಸ್ಸಿನಿಂದ ಸಾಕಿದವರ ಮುದ್ದಿಗೆ ಗಾದೆ ಇನ್ನೂ ಹುಟ್ಟಿಲ್ಲ.

ಸಂಜೆ ಮನೆಗೆ ಬಂದವಳು ಮೊದಲು ನೋಡಿದ್ದು ಅಡುಗೆಮನೆಯ ಮೂಲೆಯ ಬುಟ್ಟಿಯನ್ನು. ಕಾರ್ಕಳದಿಂದ ಬೀಜಕ್ಕೆಂದೇ ತಂದಿಟ್ಟ ಅರಿಶಿನದ ಕೊಂಬುಗಳು ಅದರಲ್ಲಿರುತ್ತಿದ್ದವು. ಪ್ರತಿ ವರ್ಷ ಜೂನಿನಲ್ಲಿ ಚಿಕ್ಕಮ್ಮ ಅವನ್ನು ಬಾಲ್ಕನಿಯ ಎರಡು ಪೇಂಟ್ ಡಬ್ಬಗಳಲ್ಲಿ ನೆಡುತ್ತಿದ್ದರು. ನಾಗರಪಂಚಮಿಯ ದಿನ ಆ ಎಲೆಯಲ್ಲಿ ಗಟ್ಟಿ ಎಂಬ ಅಕ್ಕಿಹಿಟ್ಟಿನ ಕಡುಬು ಬೇಯಿಸಿದರೆ ಪರಿಮಳಕ್ಕೆ ಮೇಲಿನ ಮಹಡಿಯ ಮರಾಠಿ ಅಜ್ಜಿ ತಾನಾಗಿಯೇ ಇಳಿದು ಬರುತ್ತಿದ್ದರು. ಈ ವರ್ಷ ಡಬ್ಬಗಳಲ್ಲಿ ಬರೀ ಮಣ್ಣಿತ್ತು. ಬುಟ್ಟಿಯಲ್ಲಿ ನಾಲ್ಕು ಕೊಂಬು ಉಳಿದಿದ್ದವು. ಮಿಕ್ಕಿದ್ದೆಲ್ಲ ಹಾಲಿನಲ್ಲಿ ಅರೆದು ಚಿಕ್ಕಮ್ಮನ ಹೊಟ್ಟೆ ಸೇರಿತ್ತು.

ತಿಂದ ಅರಿಶಿನ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗಬೇಕೆಂದಿಲ್ಲ ಎಂದು ಅಶ್ಮಿತಾ ರಾತ್ರಿ ಊಟದವರೆಗೂ ಹೇಳಿದಳು. ಚಿಕ್ಕಮ್ಮ ನಗುತ್ತಾ ಕೇಳಿ, ಅವಳಿಗೆ ಇನ್ನಷ್ಟು ಅನ್ನ ಬಡಿಸಿದರು. ಮಗಳು ದೊಡ್ಡ ಕೆಲಸವನ್ನು ಸಣ್ಣದು ಮಾಡಿ ಹೇಳುತ್ತಿದ್ದಾಳೆ ಎಂದೇ ಅವರ ನಂಬಿಕೆ. ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು ಎಂದು ಅಶ್ಮಿತಾಳಿಗೆ ಹೊಳೆಯಿತು. ಗೈಡ್ ವಿಷ್ಣುಮೂರ್ತಿ ಸರ್ ಹತ್ತಿರ ಭಾನುವಾರ ಚಿಕ್ಕಮ್ಮನನ್ನು ಪ್ರಯೋಗಾಲಯದೊಳಗೆ ಕರೆತರಲು ಅರ್ಧ ಗಂಟೆಯ ಅನುಮತಿ ಕೇಳಿದಳು. ಶುಕ್ರವಾರ ಮೂರು ತಟ್ಟೆಗಳಲ್ಲಿ ಕೋಶಗಳ ನಡುವೆ ಗೆರೆ ಎಳೆದಿಟ್ಟಳು.

ಭಾನುವಾರ ಚಿಕ್ಕಮ್ಮ ಥಾಣೆಯಲ್ಲಿ ರೈಲುಗಾಡಿ ಬದಲಿಸಿ, ಸಂಘದ ಸಮಾರಂಭಕ್ಕೆ ಉಟ್ಟಿದ್ದ ಸೀರೆಯಲ್ಲೇ ಬಂದರು. ಮೊದಲ ತಟ್ಟೆಯಲ್ಲಿ ಅರಿಶಿನವಿರಲಿಲ್ಲ. ಎರಡೂ ಬದಿಯ ಕೋಶಗಳು ತೆವಳಿ ಬಂದು ಗೆರೆಯನ್ನು ಮುಚ್ಚಿಬಿಟ್ಟಿದ್ದವು. ಎರಡನೆಯದಕ್ಕೆ ಅರಿಶಿನದ ಸತ್ವ ಬಿದ್ದಿತ್ತು. ಗೆರೆ ಖಾಲಿ ರಸ್ತೆಯಂತೆ ತೆರೆದೇ ಇತ್ತು. ಚಿಕ್ಕಮ್ಮ ಮೈಕ್ರೋಸ್ಕೋಪಿನಿಂದ ಮುಖ ಎತ್ತಿ, ನಾನು ಹೇಳಲಿಲ್ಲವೇ ಎಂಬಂತೆ ಅವಳನ್ನು ನೋಡಿದರು. ಅಶ್ಮಿತಾ ಮೂರನೆಯದನ್ನು ಇಟ್ಟಳು. ಅದರಲ್ಲಿ ಗೆರೆಯೇ ಕಾಣಲಿಲ್ಲ.

“ಇದಕ್ಕೆ ಅರಿಶಿನ ಹಾಕ್ಲಿಲ್ವಾ?”

“ಹಾಕಿದ್ದೆ ಚಿಕ್ಕಮ್ಮ. ಒಂದು ದಿನ ಚುಪ್‌ಚಾಪ್ ನಿಂತಿದ್ವು. ನಿನ್ನೆ ಅರಿಶಿನ ತೊಳೆದು ತೆಗೆದೆ. ಮತ್ತೆ ಹೊರಟ್ವು.”

ಚಿಕ್ಕಮ್ಮ ಮತ್ತೊಮ್ಮೆ ಬಗ್ಗಿ ನೋಡಿದರು. “ಅಂದ್ರೆ ಇವು ಸತ್ತಿರ್ಲಿಲ್ಲ.”

“ಇಲ್ಲ. ಕಾಯ್ತಾ ಇದ್ವು.”

ಚಿಕ್ಕಮ್ಮ ಸೆರಗಿನಿಂದ ಕನ್ನಡಕ ಒರೆಸುತ್ತಾ, ಅವಳ ಮುಖ ನೋಡದೆಯೇ ಹೇಳಿದರು: “ನಾನೇ ಹೋಗಿ ಆಪರೇಷನ್ ಮಾಡಿಸಿಕೊಂಡ್ರೆ ಸಂಘದವರು ಎಂತ ಹೇಳ್ತಾರೆ? ಸಾಕಿದವಳಿಗೇ ಮಗಳ ಮದ್ದಿನ ಮೇಲೆ ನಂಬಿಕೆ ಇಲ್ಲ ಅಂತ ಹೇಳುದಿಲ್ವಾ?”

ಅಶ್ಮಿತಾಳಿಗೆ ಅಳು ತಡೆಯಲಾಗಲಿಲ್ಲ. ತನ್ನ ಎರಡು ನಿಮಿಷದ ಮಾತನ್ನು ಉಳಿಸಲು ಈ ಹೆಂಗಸು ಜೀವವನ್ನೇ ಪಣಕ್ಕಿಟ್ಟಿದ್ದಾಳಲ್ಲ ಅನ್ನಿಸಿತು. ಅರಿಶಿನ ಅರೆದು ಅರೆದು ಹಳದಿಯಾಗಿದ್ದ ಆ ಬೆರಳುಗಳನ್ನು ಹಿಡಿದುಕೊಂಡಳು. “ಅದು ಮದ್ದು ಆಗಿಲ್ಲ ಚಿಕ್ಕಮ್ಮ. ಆಗ್ತದೋ ಇಲ್ವೋ ಗೊತ್ತಾಗ್ಲಿಕ್ಕೇ ಹತ್ತು ವರ್ಷ ಬೇಕು. ಅಷ್ಟು ವರ್ಷ ನಂಗೆ ನೀವು ಬೇಕು.”

ವಾಪಸು ಬರುವಾಗ ಗಾಡಿಯಲ್ಲಿ ಚಿಕ್ಕಮ್ಮ, ಆಸ್ಪತ್ರೆಗೆ ನೈಟಿ ಎಷ್ಟು ತೆಗೆದುಕೊಳ್ಳಬೇಕು ಎಂದು ಕೇಳಿದರು.

ಸೋಮವಾರ ಮಧ್ಯಾಹ್ನ ಹೊರಡುವ ಹೊತ್ತಿಗೆ ಬ್ಯಾಗು ಬಾಗಿಲಲ್ಲಿತ್ತು, ಚಿಕ್ಕಮ್ಮ ಇರಲಿಲ್ಲ. ಅಶ್ಮಿತಾ ಹುಡುಕುತ್ತಾ ಬಾಲ್ಕನಿಗೆ ಹೋದಳು. ಅವರು ಪೇಂಟ್ ಡಬ್ಬದ ಮುಂದೆ ಕೂತು, ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದು, ಉಳಿದಿದ್ದ ನಾಲ್ಕು ಕೊಂಬುಗಳನ್ನು ಅದರಲ್ಲಿ ಒಂದೊಂದಾಗಿ ಇಡುತ್ತಿದ್ದರು. ಪಂಚಮಿಗೆ ಎಲೆ ಬೇಕು, ತಾನು ಬರುವವರೆಗೆ ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಬೇಕು, ಹೆಚ್ಚಾದರೆ ಕೊಳೆಯುತ್ತದೆ ಎಂದರು. ಆಮೇಲೆ ಎರಡೂ ಬದಿಯ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಕೂಡಿಸಿ, ತಲೆಯೆತ್ತಿ ಕೇಳಿದರು:

“ಈ ಗೆರೆ ಮುಚ್ಚಿದ್ರೆ ಅಡ್ಡಿ ಇಲ್ಲ ಅಲ್ವಾ?”